ಹಡಗಿನಿಂದ ಬಂದ ಆನೆ

“ಸಾವಕ್ಕಾ, ಈ ಆನಿ ಹಡಗದಾಗ ಹುಟ್ಟಿದ್ದೇನಬೇ?”

ಪಕ್ಕದ ಮನೆಯ ಅನಸವ್ವ ಹೀಗೆ ಕೇಳಿದ್ದೇ ತಡ, ಪಡಸಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಗಷ್ಟೇ ಶಾಲೆಯಿಂದ ಬಂದ ಸಂಧ್ಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಂದು ಕಾಲಿನ ಚಪ್ಪಲಿ ಬಿಚ್ಚಿತ್ತು, ಇನ್ನೊಂದು ಕಾಲಿನದು ಹಾಗೇ ಇತ್ತು.

ಮಂಚದ ಮೇಲೆ ಒಂದು ಬಿಳಿ ಆನೆ ಕೂತಿತ್ತು. ಅದರ ಪಕ್ಕ ಕತ್ತು ಬಾಗಿಸಿದ ಹಂಸ. ಹಂಸದ ಪಕ್ಕ ಒಂದು ಮಂಗ. ಮೂರೂ ಟಾವೆಲ್ ಮಡಚಿ ಮಾಡಿದವು. ಮೂರರ ಅಂಚಿನಲ್ಲೂ ನೀಲಿ ದಾರದಲ್ಲಿ ಹೆಣೆದ ಹಡಗಿನ ಗುರುತು.

“ಹಡಗದಾಗ ಹುಟ್ಟೇತಿ, ಬನಹಟ್ಟ್ಯಾಗ ಬೆಳೀತೈತಿ,” ಎಂದಳು ಸಂಧ್ಯಾಳ ಅಜ್ಜಿ ಸಾವಕ್ಕ, ಠೀವಿಯಿಂದ. “ನಮ್ಮ ಖೋಲಿ ನೋಡ್ಕೋಳಾಕ ಒಬ್ಬ ಹುಡುಗ ಇದ್ದಾ, ಆಗ್ನೆಲ್ ಅಂತ. ಎಷ್ಟ ಛಲೋ ಹುಡುಗಬೇ ಅಂವಾ! ದಿನಾ ಸಂಜಿಕ ನಾವು ಊಟಾ ಮಾಡಿ ಬರೂದ್ರೊಳಗ ಹಾಸಿಗಿ ಮ್ಯಾಲ ಆಯೇರಿ ಇಟ್ಟಿರತಿದ್ದ.”

“ಅಷ್ಟ ದೂರದಿಂದ ತರೂದ್ರೊಳಗ ಬಿಚ್ಚಿ ಹೋಗ್ಲಿಲ್ಲೇನ ಮತ್ತ?”

“ಹೆಂಗ ಬಿಚ್ಚತಾವ? ನೇಕಾರಕಿ ಅದೇನಿ ನಾನು. ಅಲ್ಲಲ್ಲಿ ಸೂಜಿ-ದಾರದ್ಲೆ ಒಂದೊಂದ ಹೊಲಿಗಿ ಹಾಕೇನಿ ನೋಡ.”

ಹೆಂಗಸರು ಆನೆಯ ಕಿವಿ ಎತ್ತಿ ನೋಡಿದರು. ಸಂಧ್ಯಾ ಮಾತ್ರ ಅಂಚಿನ ನೀಲಿ ಗುರುತನ್ನೇ ನೋಡುತ್ತ ನಿಂತಳು.

ನೂಲಿನ ಕಂಪನಿಯೊಂದು ತನ್ನ ಹತ್ತಿರ ಹೆಚ್ಚು ನೂಲು ಕೊಂಡ ಮಗ್ಗದ ಮಾಲೀಕರನ್ನು ಮುಂಬೈಯಿಂದ ಗೋವಾಕ್ಕೆ ದೊಡ್ಡ ಹಡಗಿನಲ್ಲಿ ಕರೆದುಕೊಂಡು ಹೋಗಿತ್ತು. ಸಂಧ್ಯಾಳ ಅಪ್ಪ ಮುತ್ತಣ್ಣನ ಹೆಸರೂ ಅದರಲ್ಲಿ ಬಂದಿತ್ತು. ಅವ್ವ ಚಿಕ್ಕಮ್ಮನ ಬಾಣಂತನಕ್ಕೆಂದು ಮುಧೋಳಕ್ಕೆ ಹೋಗಿದ್ದಳು. ಹಾಗಾಗಿ ಅಪ್ಪ ಮತ್ತು ಸಂಧ್ಯಾಳ ಜೊತೆ ಅವ್ವನ ಬದಲಿಗೆ ಅಜ್ಜಿ ಹೋಗಿದ್ದಳು. ತಿರುಗಿ ಬಂದು ಇನ್ನೂ ಎರಡು ದಿನವಾಗಿತ್ತು, ಅಷ್ಟೆ.

ಹಡಗಿನಲ್ಲಿ ಆನೆಯನ್ನು ಮೊದಲು ನೋಡಿ ಕುಣಿದವಳೇ ಸಂಧ್ಯಾ. ಮರುದಿನ ಅದು ಕಾಣಲಿಲ್ಲ. ಆಗ್ನೆಲ್ ಅಣ್ಣ ಒಗೆಯಲು ಒಯ್ದಿರಬೇಕು ಅಂದುಕೊಂಡಿದ್ದಳು. ಅದು ಅಜ್ಜಿಯ ಚೀಲಕ್ಕೆ ಹೋಗಿತ್ತು ಅಂತ ಅವಳಿಗೇನು ಗೊತ್ತು!

ಆದರೆ ಅಜ್ಜಿಯ ಲೆಕ್ಕವೇ ಬೇರೆ. ಮದುವೆ, ಸೀಮಂತ ಅಂತ ಯಾರ ಮನೆಗಾದರೂ ಹೋದರೆ ಅವರು ಹೊಸ ಬಟ್ಟೆ ಮಡಚಿ ನಿಮ್ಮ ಮುಂದೆ ಇಡುತ್ತಾರೆ. ಅದೇ ಆಯೇರಿ. ಬೇಡ ಅಂದರೆ ಕೊಟ್ಟವರಿಗೆ ಅವಮಾನ. ತೆಗೆದುಕೊಂಡು ಸುಮ್ಮನಿದ್ದರೂ ಅವಮಾನ, ತಿರುಗಿ ನೀವೂ ಒಂದು ಬಟ್ಟೆ ಕೊಡಬೇಕು. ಅಜ್ಜಿ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ.

ಹಡಗಿನ ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ್ದ ಇಂಗ್ಲಿಷ್ ಬೋರ್ಡನ್ನು ಅಜ್ಜಿ ಓದಿರಲಿಲ್ಲ. ಸಂಧ್ಯಾ ಓದಿದ್ದಳು. ಟಾವೆಲ್ ಒಯ್ದರೆ ದಂಡ ಅಂತ ಅದರಲ್ಲಿ ಬರೆದಿತ್ತು.

ಅವಳಿಗೆ ಇನ್ನೊಂದೂ ನೆನಪಾಯಿತು. ಕೊನೆಯ ದಿನ ಮುಂಜಾನೆ ಆಗ್ನೆಲ್ ಅಣ್ಣ ಓಣಿಯಂಥ ಉದ್ದ ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಟಾವೆಲ್ ಎಣಿಸುತ್ತಿದ್ದ. ಎಣಿಸಿದ, ಮತ್ತೆ ಎಣಿಸಿದ. “ಕ್ಯಾ ಹುವಾ ಭೈಯಾ?” ಎಂದು ಅವಳು ಕಾರ್ಟೂನ್ ನೋಡಿ ಕಲಿತ ಹಿಂದಿಯಲ್ಲಿ ಕೇಳಿದ್ದಳು. “ಕಡಿಮೆ ಬರುತ್ತಿವೆ. ಕಡಿಮೆ ಆದರೆ ನನ್ನ ಪಗಾರದಲ್ಲಿ ಹಿಡಿಯುತ್ತಾರೆ,” ಎಂದು ಅವನು ಹಿಂದಿಯಲ್ಲಿ ಹೇಳಿ, ಆಮೇಲೆ ನಕ್ಕು, “ಎಲ್ಲೋ ಇರುತ್ತವೆ ಬಿಡು” ಎಂದಿದ್ದ.

ಎಲ್ಲೋ ಏನು, ಇಲ್ಲಿವೆ! ಬನಹಟ್ಟಿಯ ಮಂಚದ ಮೇಲೆ, ಇಡೀ ಓಣಿಯ ಕಣ್ಣ ಮುಂದೆ.

“ಲೇ ಸಂಧ್ಯಾ,” ಎಂದು ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದರು. ದೊಡ್ಡಪ್ಪನ ಮಗ ಅಮೋಲ. ಏಳನೇ ಕ್ಲಾಸು, ಆದರೆ ಮಾತು ಮಾತ್ರ ಕಾಲೇಜಿನದು. “ಇವು ಹಡಗದ ಟಾವೆಲ್ಲಲೇ. ಗುರ್ತ ಐತಿ ನೋಡ. ಸಿಕ್ಕೊಂಡ್ರಿ ನೀವು!”

“ಸುಮ್ಮನಿರೋ.”

“ಹಡಗದಾಗ ಹೆಜ್ಜಿ ಹೆಜ್ಜಿಗೆ ಕ್ಯಾಮೆರಾ ಇರತಾವ. ಅಜ್ಜಿ ಫೋಟೋ ಈಗ ಮುಂಬೈ ಪೊಲೀಸ್ರ ಕಡೆ ಇರಬೇಕು.”

“ಅಜ್ಜಿ ಕಳ್ಳಿ ಅಲ್ಲ!”

“ನಾ ಅಂದ್ನೇನು? ಕ್ಯಾಮೆರಾ ಅಂತೈತಿ.” ಅಮೋಲ ಇನ್ನೂ ಹತ್ತಿರ ಬಂದ. “ಮುಂಜಾನಿಂದ ಕಾಕಾನ ಫೋನಿಗೆ ಒಂದಽ ನಂಬರ್ ಬರಾಕತ್ತೇತಿ. ಮಗ್ಗದ ಸಪ್ಪಳದಾಗ ಕಾಕಾಗ ಕೇಳಿಲ್ಲ. ನಾ ನೋಡ್ದೆ. ಮಹಾರಾಷ್ಟ್ರದ್ದು.”

ಸಂಧ್ಯಾ ಹಿಂದಿನ ಮಗ್ಗದ ಶೆಡ್ಡಿನ ಕಡೆ ನೋಡಿದಳು. ಅಪ್ಪನಿಗೆ ಹೇಳಿಬಿಡಲೇ? ಅಪ್ಪ ಒಳ್ಳೆಯವನೇ, ಆದರೆ ದಿನವಿಡೀ ಮಗ್ಗದ ಸದ್ದಿನಲ್ಲಿ ಇದ್ದು ಇದ್ದು ಅವನ ಗುಟ್ಟಿನ ಮಾತೂ ಮೂರು ಮನೆಗೆ ಕೇಳುತ್ತಿತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ “ಸಾವಕ್ಕನ್ನ ಕರೀರಿ” ಅನ್ನುತ್ತಿದ್ದರು. ಅಂಥ ಅಜ್ಜಿಯನ್ನು ಎಲ್ಲರ ಮುಂದೆ ಜೀಪಿನಲ್ಲಿ ಕೂರಿಸಿದರೆ? ಹಣೆಯ ಮೇಲೆ ಸೆರಗು ಎಳೆದುಕೊಂಡು ಅಜ್ಜಿ ತಲೆ ತಗ್ಗಿಸಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು.

ಹೆಂಗಸರು ಎದ್ದು ಹೋದರು. ಅಜ್ಜಿ ದೇವರ ಮುಂದೆ ದೀಪ ಹಚ್ಚಲು ಒಳಗೆ ಹೋದಳು. ಸಂಧ್ಯಾ ಶಾಲೆಯ ಚೀಲದಿಂದ ಪುಸ್ತಕ ತೆಗೆದು ಮಂಚದ ಕೆಳಗೆ ತಳ್ಳಿದಳು. ಆನೆ, ಹಂಸ, ಮಂಗ ಮೂರನ್ನೂ ಚೀಲಕ್ಕೆ ತುರುಕಿ ಓಡಿದಳು.

ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕೊರಿಯರ್ ಅಂಗಡಿ ಇತ್ತು. ಕನ್ನಡಕದ ಅಣ್ಣ ತಲೆ ಎತ್ತದೆಯೇ ಕೇಳಿದ: “ಎಲ್ಲಿಗೆ?”

“ಹಡಗಕ್ಕ ರೀ.”

“ಹಡಗಲಿಗೇನು?”

“ಹಡಗಲಿ ಅಲ್ರೀ. ಹಡಗ. ಸಮುದ್ರದಾಗ ಇರತೈತೆಲ್ಲಾ, ಅದಕ್ಕ.”

ಅಣ್ಣ ಈಗ ತಲೆ ಎತ್ತಿದ. “ಪಿನ್‌ಕೋಡ್ ಎಷ್ಟವ್ವಾ ಸಮುದ್ರದ್ದು?”

ಪಕ್ಕದಲ್ಲಿ ನಿಂತಿದ್ದ ಇಬ್ಬರು ನಕ್ಕರು. ಸಂಧ್ಯಾಳಿಗೆ ಅಳು ಬಂತು.

“ಏನೈತಿ ಚೀಲದಾಗ? ತೋರಸ ನೋಡೂಣು. ಮನ್ಯಾಗ ದೊಡ್ಡವ್ರಿಗೆ ಹೇಳಿ ಬಂದೀಯೇನು?”

ಅವಳು ಚೀಲ ತಬ್ಬಿಕೊಂಡು ಹೊರಗೆ ಬಿದ್ದಳು. ಚಹಾದಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ಪೊಲೀಸಪ್ಪ ಬಶಿಯಲ್ಲಿ ಚಹಾ ಆರಿಸಿ ಕುಡಿಯುತ್ತಿದ್ದ. ಅವನು ಚಹಾವನ್ನೇ ನೋಡುತ್ತಿದ್ದ, ಆದರೂ ಅವಳಿಗೆ ತನ್ನ ಚೀಲವನ್ನೇ ನೋಡಿದ ಹಾಗಾಯಿತು. ದೊಡ್ಡ ರಸ್ತೆ ಬಿಟ್ಟು ಸಂದಿಗೊಂದಿ ಸುತ್ತಿ ಮನೆಗೆ ಬಂದಳು.

ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಓಡುತ್ತಿದ್ದವು. ಶೆಡ್ಡಿನ ಕಿಟಕಿಯಲ್ಲಿ ಅಪ್ಪನ ಫೋನು ಮಿನುಗುತ್ತ ತಾನೇ ತಾನಾಗಿ ಸರಿದಾಡುತ್ತಿತ್ತು. ಅದೇ ನಂಬರು. ಅಪ್ಪ ಹರಿದ ಎಳೆ ಜೋಡಿಸುತ್ತ ಬೆನ್ನು ಮಾಡಿ ನಿಂತಿದ್ದ.

ಫೋನು ನಿಂತಿತು. ಮತ್ತೆ ಹೊಡೆದುಕೊಳ್ಳತೊಡಗಿತು. ಇದು ಬಿಡುವುದಿಲ್ಲ ಅನ್ನಿಸಿತು ಅವಳಿಗೆ. ಅಪ್ಪ ಎತ್ತಿದರೆ ಓಣಿಗೆಲ್ಲ ಕೇಳುತ್ತದೆ. ಸಂಧ್ಯಾ ಫೋನು ಹಿಡಿದು ಪಡಸಾಲೆಗೆ ಓಡಿ ಬಂದು, ಕಣ್ಣು ಮುಚ್ಚಿ ಬಟನ್ ಒತ್ತಿದಳು.

“ಹಲೋ... ಸಂಧ್ಯಾ ಬೇಟಾ?”

ಪೊಲೀಸ್ ಅಲ್ಲ. ಆಗ್ನೆಲ್ ಅಣ್ಣ! ನಿಮ್ಮನ್ನು ಹಡಗಿಗೆ ಕರೆತಂದ ಟೂರಿನವರ ಹತ್ತಿರ ನಂಬರ್ ಇಸಿದುಕೊಂಡೆ ಎಂದ. ಆದರೆ ಅದು ಹಡಗಿನಲ್ಲಿ ನಗುತ್ತಿದ್ದ ದನಿ ಆಗಿರಲಿಲ್ಲ. ಮಾತು ನಡುವೆ ನಡುವೆ ತಡೆಯುತ್ತಿತ್ತು.

“ಬೇಟಾ, ನಿಮ್ಮಜ್ಜಿ ಇಲ್ಲಿ ಒಂದು ಸೀರೆ ಮರೆತು ಹೋಗಿದ್ದಾರಾ?” ಎಂದು ಅವನು ಹಿಂದಿಯಲ್ಲಿ ಕೇಳಿದ. “ಹಾಸಿಗೆಯ ಮೇಲಿತ್ತು. ಕೆಂಪು ಅಂಚಿನದು. ಒಳಗೊಂದು ಪಾಕೀಟು, ಅದರಲ್ಲಿ ರೊಕ್ಕ. ಯಾರಿಗೆ ಅಂತ ಹೆಸರಿಲ್ಲ. ತಿರುಗಿ ಕೊಡೋಣ ಅಂತ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಹಡಗಿನಿಂದ ಇಳಿಯುವಾಗ ಗೇಟಿನಲ್ಲಿ ಚೀಲ ತಪಾಸು ಮಾಡಿದರು. ಇದೆಲ್ಲಿಂದ ಬಂತು, ಯಾರ ಚೀಲದಿಂದ ತೆಗೆದೆ ಅಂತ ಕೇಳುತ್ತಿದ್ದಾರೆ. ನಾಳೆಯೊಳಗೆ ಹೇಳದಿದ್ದರೆ ನನ್ನ ಕೆಲಸ...”

ಸೀರೆ? ಪಾಕೀಟು?

ಸಂಧ್ಯಾಳಿಗೆ ಟೂರಿನ ಅಂಕಲ್ ಮೈಕಿನಲ್ಲಿ ಹೇಳಿದ್ದು ನೆನಪಾಯಿತು. “ಖೋಲಿ ನೋಡಿಕೊಂಡವರಿಗೆ ಕೊನೆಯ ದಿನ ಟಿಪ್ಸ್ ಕೊಡಿ. ಪಾಕೀಟಿನ ಮೇಲೆ ಅವರ ಹೆಸರು ಬರೆಯಿರಿ. ಕೈಯಲ್ಲೇ ಕೊಡಿ, ಎಲ್ಲೋ ಇಟ್ಟು ಬರಬೇಡಿ.” ಅಪ್ಪ ಅವಸರದಲ್ಲಿ ಹೆಸರು ಬರೆಯದೆ ಪಾಕೀಟು ತಯಾರು ಮಾಡಿದ್ದ. ಅಜ್ಜಿ ಅದನ್ನು ಕಸಿದುಕೊಂಡಿದ್ದಳು. “ದುಡದ ಹುಡುಗನ ಕೈಯಾಗ ಬರೇ ರೊಕ್ಕ ಇಡತಾರೇನೋ? ನಾ ಕೊಡತೇನಿ ಬಿಡ” ಅಂದಿದ್ದಳು. ಹಾಗಾದರೆ ಅಜ್ಜಿ ಕೊಟ್ಟದ್ದು ಹೀಗೆ!

“ಯಾರದಬೇ ಫೋನು?” ಅಜ್ಜಿ ಕುಂಕುಮದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಆಗ್ನೆಲ್ ಅಣ್ಣಂದು. ಅಜ್ಜಿ, ಹಾಸಿಗಿ ಮ್ಯಾಲ ಸೀರಿ ಇಟ್ಟ ಬಂದೀಯೇನು?”

“ಹೂಂ ಮತ್ತ! ಅಂವಾ ನಮಗ ಆಯೇರಿ ಮಾಡ್ಯಾನ, ನಾವು ಮಾಡಬಾರದೇನು? ಅವರ ಅವ್ವಗ ಕೊಡಲಿ ಅಂತ ಇಟ್ಟೆ. ಮುಟ್ಟಿತಂತೇನ ಅವರಿಗೆ?”

ಸಂಧ್ಯಾ ಇದ್ದದ್ದನ್ನು ಹೇಳಿದಳು. ಅಜ್ಜಿಯ ಕೈ ಸೆರಗಿನಲ್ಲೇ ನಿಂತಿತು.

“ನಾ ಕೊಟ್ಟ ಸೀರಿಗೆ ಆ ಹುಡುಗನ್ನ ಕಳ್ಳ ಅಂದ್ರೇನು?” ಅಜ್ಜಿಯ ದನಿ ಸಣ್ಣದಾಯಿತು. “ತಾ ಇಲ್ಲೆ ಫೋನ. ಸಾಹೇಬ್ರಿಗೆ ಕೇಳಿಸಲಿ.” ಫೋನನ್ನು ಬಾಯಿಗೆ ಒತ್ತಿ ಹಿಡಿದು ಕೂಗಿದಳು: “ರೀ ಸಾಹೇಬ್ರ! ನಾನು ಬನಹಟ್ಟಿ ಸಾವಕ್ಕ. ಸೀರಿ ನಾನಽ ಕೊಟ್ಟೇನಿ, ಪಾಕೀಟು ನಾನಽ ಕೊಟ್ಟೇನಿ. ಆ ಹುಡುಗನ್ನ ಏನಾರ ಅಂದೀರಿ ಮತ್ತ!”

ಸಂಧ್ಯಾ ಅದನ್ನು ಹಿಂದಿಯಲ್ಲಿ ಹೇಳಿದಳು. ಇದನ್ನೇ ವಾಟ್ಸ್ಯಾಪಿನಲ್ಲಿ ಮಾತಾಡಿ ಕಳಿಸಿದರೆ ಸಾಕು, ಸಾಹೇಬರಿಗೆ ಕೇಳಿಸುತ್ತೇನೆ ಎಂದು ಆಗ್ನೆಲ್ ಉಸಿರು ಬಿಟ್ಟ. ಆ ಉಸಿರು ಅವಳ ಕಿವಿಗೇ ಬಡಿಯಿತು. ಇಷ್ಟು ಹೊತ್ತು ತನ್ನ ಎದೆ ಹೊಡೆದುಕೊಂಡ ಹಾಗೆಯೇ ಅಲ್ಲಿ ಅವನದೂ ಹೊಡೆದುಕೊಳ್ಳುತ್ತಿತ್ತು.

ಈಗಲೇ ಕಳಿಸುತ್ತೇವೆ ಎಂದಳು ಸಂಧ್ಯಾ. ಇಷ್ಟಕ್ಕೇ ಫೋನ್ ಇಟ್ಟುಬಿಡಬಹುದಿತ್ತು. ಟಾವೆಲ್ ಸುದ್ದಿ ಅವನು ಎತ್ತೇ ಇರಲಿಲ್ಲ. ಅವಳ ಬೆರಳು ಕೆಂಪು ಬಟನಿನ ಹತ್ತಿರ ಹೋಯಿತು, ನಿಂತಿತು.

“ಭೈಯಾ,” ಎಂದಳು ಸಂಧ್ಯಾ. “ಆ ಕಡಿಮೆ ಬಿದ್ದ ಟಾವೆಲ್... ನಮ್ಮ ಹತ್ತಿರ ಇವೆ. ಅಜ್ಜಿಗೆ ಗೊತ್ತಾಗಲಿಲ್ಲ. ನೀವು ಕೊಟ್ಟಿರಿ ಅಂದುಕೊಂಡಳು.”

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. 

ಆಮೇಲೆ ಆಗ್ನೆಲ್ ನಕ್ಕ. ಹಡಗಿನಲ್ಲಿ ನಗುತ್ತಿದ್ದ ಹಾಗೆಯೇ. “ಆನೆ ಊರು ಸೇರಿತಾ? ನಾನು ಮಷಿನ್ನಿನ ಒಳಗೆಲ್ಲ ತಲೆ ಹಾಕಿ ಹುಡುಕಿದೆ! ಟೂರಿನವರ ಹತ್ತಿರ ಕೊಟ್ಟು ಕಳಿಸಿಬಿಡಿ ಬೇಟಾ. ಟಾವೆಲ್ ನನ್ನದಲ್ಲ, ಹಡಗಿನದು. ಆನೆ ಮಾತ್ರ ನಾನು ಮಾಡಿದ್ದು.”

ಫೋನ್ ಇಟ್ಟಾಗ ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. “ಟಾವೆಲ್ ಅಂದಂಗಾತು. ಏನಂದಾ?”

ಸಂಧ್ಯಾ ಚೀಲದಿಂದ ಆನೆಯನ್ನು ತೆಗೆದು ಮಂಚದ ಮೇಲಿಟ್ಟಳು. ಸೊಂಡಿಲು ಸೊಟ್ಟಗಾಗಿತ್ತು. “ಅಜ್ಜಿ, ಟಾವೆಲ್ ಹಡಗದ್ದಂತ. ತಿರುಗಿ ಕಳಸಬೇಕಂತ.”

ಅಜ್ಜಿ ಮಂಚದ ತುದಿಗೆ ಕುಕ್ಕರಿಸಿದಳು. ಅಜ್ಜಿಯ ಮುಖದಲ್ಲಿ ಅಂಜಿಕೆಯನ್ನು ಸಂಧ್ಯಾ ಹಿಂದೆಂದೂ ನೋಡಿರಲಿಲ್ಲ. “ಹಂಗಾದ್ರ ನಾ... ಇಷ್ಟ ಮಂದಿಗೆ ತೋರಿಸಿ...”

“ಆನಿ ಅವರದಂತ ಅಜ್ಜಿ,” ಎಂದಳು ಸಂಧ್ಯಾ ಬೇಗ ಬೇಗ. “ನಿನಗಂತಽ ಮಾಡಿದ್ರಂತ.”

ಕೊನೆಯ ಮಾತನ್ನು ಆಗ್ನೆಲ್ ಹೇಳಿರಲಿಲ್ಲ.

ಅಜ್ಜಿ ಆನೆಯ ಸೊಟ್ಟ ಸೊಂಡಿಲನ್ನು ನೆಟ್ಟಗೆ ಮಾಡಿದಳು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ತಮ್ಮ ಮಗ್ಗದ ಒಂದು ಹೊಸ ಟಾವೆಲ್ ತಂದಳು. ಹಳದಿ ಬಣ್ಣದ್ದು, ಕೆಂಪು ಅಂಚಿನದು. ಸಣ್ಣ ಕತ್ತರಿಯನ್ನೂ ತಂದಳು.

“ನಿಮ್ಮಪ್ಪಗ ನಾನಽ ಹೇಳತೇನಿ. ಜಮಖಂಡಿಗೆ ಹ್ವಾದಾಗ ಟೂರಿನವ್ರಿಗೆ ಕೊಟ್ಟ ಬರತಾನ,” ಎಂದಳು. “ಅನಸವ್ವಗೂ ಹೇಳತೇನಿ. ಈಗ ಬಾ ಇಲ್ಲಿ. ನಾ ಇದರ ಹೊಲಿಗಿ ಬಿಚ್ಚಿ ಒಂದೊಂದಽ ಮಡಿಕಿ ತಗೀತೇನಿ, ನೀ ನೋಡ್ಕೋತ ಅಂಥಾದಽ ಮಡಿಕಿ ಈ ಹಳದಿ ಟಾವೆಲ್ಲಿಗೆ ಹಾಕ.”

“ಉಲ್ಟಾ ಆಗತೈತಲ್ಲ ಅಜ್ಜಿ?”

“ಆಗಲಿ. ಉಲ್ಟಾ ಬಿಚ್ಚಿಯಽ ನಾವು ನೇಯೂದ ಕಲತೇವಿ.”

ಅಜ್ಜಿ ಬಿಚ್ಚಿದಳು, ಸಂಧ್ಯಾ ಮಡಚಿದಳು. ಬಿಳಿ ಆನೆ ನಿಧಾನಕ್ಕೆ ಬರೇ ಟಾವೆಲ್ ಆಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ದೀಪದ ಬೆಳಕಿನಲ್ಲಿ ಹಳದಿ ಆನೆ ಒಂದು ಕಿವಿ ಜೋಲು ಬಿಟ್ಟು ನಿಂತಿತ್ತು. ಅದರ ಸೊಂಡಿಲು ಮೆಲ್ಲಗೆ ಕೆಳಗೆ ಜಾರಿತು. ಸಂಧ್ಯಾ ತನ್ನ ಜಡೆಯ ಪಿನ್ನು ತೆಗೆದು, ಅದನ್ನು ಮತ್ತೆ ಮೇಲಕ್ಕೆತ್ತಿ ಸಿಕ್ಕಿಸಿದಳು.