ಊರೋ, ಅಂಬ್ರೋಸನೋ

ಸಿಗ್ರಿಡ್ ಹಿಂಬಾಲಿಸಿದ್ದು ತಪ್ಪು ಮನುಷ್ಯನನ್ನು.

ಮಳೆ ಆಗಷ್ಟೇ ನಿಂತ ಸಂಜೆ. ಅಮೆರಿಕದ ದಕ್ಷಿಣದ ಊರು ಸವಾನಾದ ಹಳೇ ಚೌಕದಲ್ಲಿ ಗೈಡ್ ಹೆಂಗಸು ಹಳದಿ ಕೊಡೆ ಎತ್ತಿ ಹಿಡಿದು ಪ್ರವಾಸಿಗರ ಗುಂಪನ್ನು ನಡೆಸಿಕೊಂಡು ಹೋಗುತ್ತಿದ್ದಳು. ಓಕ್ ಮರಗಳಿಂದ ಬಿಚ್ಚಿದ ಜಡೆಯಂತೆ ಇಳಿಬಿದ್ದಿದ್ದ ಬೂದು ಪಾಚಿಯನ್ನು ನೋಡುತ್ತ ಸಿಗ್ರಿಡ್ ಹಿಂದೆ ಉಳಿದಳು. ಮತ್ತೆ ತಲೆ ತಿರುಗಿಸಿದಾಗ ಕಂಡ ಹಳದಿ ಕೊಡೆಯ ಬೆನ್ನು ಹತ್ತಿದಳು. ಬೀದಿಗಳನ್ನು ದಾಟಿ ಅದು ಯಾರದೋ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಾಗಲೇ ಕೊಡೆ ಹಿಡಿದವನು ಗಂಡಸು ಎಂದು ಅವಳಿಗೆ ಗೊತ್ತಾದದ್ದು.

"ಇದೂ ಟೂರ್‌ನಲ್ಲಿ ಸೇರಿದೆಯಾ?" ಎಂದು ಕೇಳಿದಳು.

ಅವನು ಅವಳನ್ನೊಮ್ಮೆ, ಅವಳ ಹಿಂದಿನ ಖಾಲಿ ಓಣಿಯನ್ನೊಮ್ಮೆ ನೋಡಿದ. ನಗು ತುಟಿಗೆ ಬರುವ ಮೊದಲೇ ಕಣ್ಣಿಗೆ ಬಂತು.

"ಹೌದು ಮೇಡಂ. ಇಲ್ಲಿ ಊಟ."

ಅವನು ಅಂಬ್ರೋಸ್ ಮೋಬ್ಲಿ, ಶಾಲೆಯೊಂದರ ಬ್ಯಾಂಡ್ ಮೇಷ್ಟ್ರು. ಅಡುಗೆಮನೆ ಅವನ ಚಿಕ್ಕಮ್ಮ ಮಿಸ್ ಒಡೆಸ್ಸಾಳ ಪುಟ್ಟ ಹೋಟೆಲಿನದು. ಆಕೆ ಏನನ್ನೂ ಕೇಳದೆ ಮೆಕ್ಕೆಜೋಳದ ಗಂಜಿಯ ಮೇಲೆ ಬೆಣ್ಣೆಯಲ್ಲಿ ಬಾಡಿಸಿದ ಸಿಗಡಿ ಸುರಿದು ಸಿಗ್ರಿಡ್‌ಳ ಮುಂದಿಟ್ಟಳು.

"ದಾರಿ ತಪ್ಪಿದೋರನ್ನೆಲ್ಲ ಮನೆಗೆ ಕರ್ಕೊಂಡ್ ಬರೋದು ಇವನಿಗೆ ಚಿಕ್ಕಂದಿನಿಂದ ಚಟ ಕಣಮ್ಮ. ಆಗೆಲ್ಲ ನಾಯಿಮರಿ ತರ್ತಿದ್ದ. ಈಗ ಪರವಾಗಿಲ್ಲ, ಸುಧಾರಿಸಿದಾನೆ."

ಸಿಗ್ರಿಡ್ ನಗಲು ಹೋಗಿ ಕೆಮ್ಮಿದಳು. ಅಂಬ್ರೋಸ್ ನೀರು ಕೊಟ್ಟ.

ಅವಳು ಉತ್ತರದ ಡುಲೂತ್‌ನಲ್ಲಿ ನರ್ಸು. ಸರೋವರ ಕಲ್ಲಿನಂತೆ ಹೆಪ್ಪುಗಟ್ಟುವ ಊರು. ಮಾರ್ಚ್ ಬಂದರೂ ಅಲ್ಲಿ ಹಿಮ ಕರಗಿರಲಿಲ್ಲ. ಚಳಿಗಾಲ ಸಾಕೆನಿಸಿ ರಜೆ ಹಾಕಿ ಬಂದವಳಿಗೆ ಇಲ್ಲಿ ಬೇಲಿ ಬೇಲಿಗೂ ಅಜೇಲಿಯಾ ಹೂ ಕಂಡು ಕಣ್ಣು ಸಾಲದಾಯಿತು. ಅಂಬ್ರೋಸನ ಶಾಲೆಗೂ ವಸಂತದ ರಜೆ. ಟೂರ್ ಅರ್ಧಕ್ಕೆ ನಿಂತುಹೋಯಿತಲ್ಲ, ಉಳಿದದ್ದನ್ನು ತಾನು ತೋರಿಸುತ್ತೇನೆಂದ.

ತೋರಿಸಿದ. ಸಂಜೆಗಳೆಲ್ಲ ಅದಕ್ಕೇ ಹೋದವು. ಒಂದು ಬಾಲ್ಕನಿಯ ಕೆಳಗೆ ನಿಲ್ಲಿಸಿ, ನ್ಯಾಯಾಧೀಶನೊಬ್ಬ ಅವಳಿ ಅಕ್ಕತಂಗಿಯರಲ್ಲಿ ತಪ್ಪಾದವಳನ್ನು ಮದುವೆಗೆ ಕೇಳಿ, ಮರ್ಯಾದೆಗೆ ಸುಮ್ಮನಿದ್ದು, ಬಾಳೆಲ್ಲ ಸುಖವಾಗಿದ್ದ ಕಥೆ ಹೇಳಿದ. ಬಾಗಿ ನಿಂತ ಓಕ್ ಮರವೊಂದನ್ನು ತೋರಿಸಿ, ಎದುರುಮನೆಯ ಪಿಟೀಲು ಕೇಳಲು ಅದು ಬಾಗಿದ್ದೆಂದ. ಸಿಗ್ರಿಡ್ ಬಾಯಿ ತೆರೆದು ಕೇಳುತ್ತಿದ್ದಳು. ಅವನು ಕಥೆ ಹೇಳುವಾಗ ಅವಳ ಕಣ್ಣು ಬಾಲ್ಕನಿಗೆ ಹೋಗಿ, ಅವನ ತುಟಿಗೆ ಇಳಿದು, ಸಿಕ್ಕಿಬಿದ್ದಂತಾಗಿ ಮತ್ತೆ ಬಾಲ್ಕನಿಗೇ ಓಡುತ್ತಿತ್ತು.

ಎದೆ ಹೊಡೆದುಕೊಳ್ಳುತ್ತಿದ್ದುದಂತೂ ನಿಜ. ಆದರೆ ಯಾರಿಗಾಗಿ? ಅವನು ಹತ್ತಿರ ಬಂದಾಗಲೆಲ್ಲ ಅವನ ಹಿಂದೆ ಒಂದು ಚೆಂದದ ಕಿಟಕಿಯೋ, ಹೊಳೆಯ ಮೇಲೆ ಮೆಲ್ಲಗೆ ಸಾಗುವ ಹಡಗೋ ಇದ್ದೇ ಇರುತ್ತಿತ್ತು.

ಇಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸ್ ಬೇಕೆಂದು ಕೇಳಿ ಅರ್ಜಿ ಹಾಕಿಯೇಬಿಟ್ಟಳು. ಕೆಲಸವೂ ಸಿಕ್ಕಿತು, ಒಪ್ಪಿಗೆ ಹೇಳುವುದಷ್ಟೇ ಬಾಕಿ ಎಂದು ಅಂಬ್ರೋಸನಿಗೂ ಹೇಳಿದಳು. ಫೋನಿನಲ್ಲಿ ತಂಗಿ ಕೇಳಿದಳು, "ಊರಿಗೋಸ್ಕರನಾ, ಅವನಿಗೋಸ್ಕರನಾ?" ಊರಿಗೋಸ್ಕರ ಎಂದಳು. ಆಮೇಲೆ, ಗೊತ್ತಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಹಳದಿ ಕೊಡೆಯ ಗೈಡ್ ಅದೇ ಬಾಲ್ಕನಿಯ ಕೆಳಗೆ ಸಿಕ್ಕಳು. ಸಿಗ್ರಿಡ್ ಹೆಮ್ಮೆಯಿಂದ ನ್ಯಾಯಾಧೀಶನ ಕಥೆ ಹೇಳಿದಳು. ಗೈಡ್ ಕೇಳಿ ನಕ್ಕಳು. ಅದು ಹತ್ತಿ ವ್ಯಾಪಾರಿಯ ಮನೆ, ನ್ಯಾಯಾಧೀಶನೂ ಇಲ್ಲ, ಅವಳಿಗಳೂ ಇಲ್ಲ. ಮರ ಬಾಗಿದ್ದು ಬಿರುಗಾಳಿಗೆ.

ಸಿಗ್ರಿಡ್‌ಗೆ ಸಿಟ್ಟು ಬಂತು, ಅಳುವೂ ಬಂತು. ತಾನು ಮನಸೋತ ಊರು ಇಲ್ಲವೇ ಇಲ್ಲವೆಂದರೆ ತಾನು ಮನಸೋತದ್ದಾದರೂ ಯಾತಕ್ಕೆ?

ಅಂಬ್ರೋಸ್ ಹೋಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದ. ಅವಳು ಎದುರು ಬಂದು ನಿಂತಳು.

"ಒಂದಾದ್ರೂ ನಿಜ ಹೇಳಿದೀರಾ ನೀವು?"

"ಊಟ ಇಲ್ಲಿ ಅಂದಿದ್ದು ನಿಜ."

ಅವಳು ನಗಲಿಲ್ಲ. ಅವನೂ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಒಳಗೆ ಮಿಸ್ ಒಡೆಸ್ಸಾಳ ಪಾತ್ರೆಗಳ ಸದ್ದೂ ನಿಂತಿತು.

"ನಿಜ ಬೇಕಾ? ನಿಮಗೆ ಇಷ್ಟವಾದ ಆ ಬಾಲ್ಕನಿ ಮನೆ ಗೋಡೆಗಳಿದಾವಲ್ಲ, ಆ ಇಟ್ಟಿಗೆ ಮಾಡಿಸಿದ್ದು ಗುಲಾಮರ ಕೈಲಿ. ನಮ್ಮೋರ, ನಮ್ಮ ಕಪ್ಪು ಜನರ ಕೈಲಿ. ಕೆಲವು ಇಟ್ಟಿಗೆ ಮೇಲೆ ಬೆರಳಚ್ಚು ಇನ್ನೂ ಇದೆ. ಆ ಸಂಜೆ ನೀವು ಅಷ್ಟು ಖುಷಿಯಾಗಿ ತಲೆ ಎತ್ತಿ ನೋಡ್ತಾ ಇದ್ರಿ. ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ಬಾಯಿಗೆ ಬಂದಿದ್ದು ನ್ಯಾಯಾಧೀಶ."

ಸಿಗ್ರಿಡ್ ಮೆಟ್ಟಿಲ ಮೇಲೆ ಅವನಿಂದ ಸ್ವಲ್ಪ ದೂರ ಕುಸಿದು ಕೂತಳು. ಹಾಗಾದರೆ ನಿಮಗೆ ಈ ಊರು ಕಂಡರೆ ಆಗುವುದಿಲ್ಲವೇ ಎಂದು ಕೇಳಿದಳು.

"ತುಂಬಾ ಇಷ್ಟ. ಅದೇ ನನಗೂ ಅರ್ಥ ಆಗದ ವಿಷಯ. ಬಿಟ್ಟು ಹೋಗ್ಬೇಕು ಅಂತ ಎರಡು ಸಲ ಹೊರಟೆ, ಎರಡು ಸಲನೂ ವಾಪಸ್ ಬಂದೆ. ಆದ್ರೆ ಒಂದ್ ಮಾತು. ಕೆಲಸ ಒಪ್ಕೊಳ್ಳೋದಾದ್ರೆ ನಾನು ಕಟ್ಟಿ ಹೇಳಿದ ಊರಿಗೋಸ್ಕರ ಒಪ್ಕೋಬೇಡಿ."

"ಮತ್ತೆ ಯಾವ ಊರಿಗೋಸ್ಕರ? ನೀವಿರೋ ಊರನ್ನ ತೋರಿಸೇ ಇಲ್ಲ."

ಅವನು ತಡವರಿಸಿದ. ಅಲ್ಲಿ ನೋಡುವಂಥದ್ದು ಏನಿಲ್ಲ ಎಂದ. ಅವಳು ಆಗಲೇ ಎದ್ದು ನಿಂತಿದ್ದಳು. ಒಳಗಿನಿಂದ ಮಿಸ್ ಒಡೆಸ್ಸಾಳ ದನಿ ಬಂತು:

"ಕರ್ಕೊಂಡ್ ಹೋಗೋ. ಸಿಗಡಿ ನಾನು ಸುಲೀತೀನಿ. ಕೈ ತೊಳ್ಕೊಂಡು ಹೋಗು ಮಾರಾಯ."

ಚೌಕಗಳು ಹಿಂದಾದವು. ಪಾಚಿಯ ಮರಗಳು ಮುಗಿದವು. ಟೈರ್ ಅಂಗಡಿ ದಾಟಿದರು, ಬಟ್ಟೆ ಒಗೆಯುವ ಅಂಗಡಿ ದಾಟಿದರು. ಗಾಳಿ ತಿರುಗಿ ಕಾಗದದ ಗಿರಣಿಯ ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಅವನು ಈ ಸಲ ಏನನ್ನೂ ಕಟ್ಟಿ ಹೇಳಲಿಲ್ಲ. ಚಿಕ್ಕವನಿದ್ದಾಗ ಟ್ರಾಂಬೋನ್ ಊದಿ ನೆರೆಯವರಿಂದ ಬೈಸಿಕೊಂಡದ್ದು ಹೇಳಿದ. ಅಮ್ಮ ತೀರಿಕೊಂಡ ಮೇಲೆ ಒಂದು ವರ್ಷ ಅದನ್ನು ಮುಟ್ಟದೆ ಇದ್ದದ್ದು ಹೇಳಿದ. ಹೇಳುವಾಗ ಎಡಗೈ ತಾನಾಗಿ ಕುತ್ತಿಗೆಯ ಹಿಂಭಾಗ ಉಜ್ಜುತ್ತಿತ್ತು. ಬಿಸಿಲು ಅವನ ರೆಪ್ಪೆಗಳ ಮೇಲೆ ಬಿದ್ದಿತ್ತು.

ಬಣ್ಣ ಉದುರಿದ ಪುಟ್ಟ ಜಗಲಿಯ ಮುಂದೆ ನಿಂತು, ಇದೇ ಮನೆ ಎಂದ. ಅವನ ಮುಖದಲ್ಲಿ ಸಂಕೋಚವಿತ್ತು, ತುಸು ಮುನಿಸೂ ಇತ್ತು.

"ನೋಡಿದ್ರಲ್ಲ. ದಾರೀಲಿ ಯಾವ ಮನೆ ಇಷ್ಟ ಆಯ್ತು, ಹೇಳಿ ನೋಡೋಣ."

ಸಿಗ್ರಿಡ್ ಉತ್ತರ ಕೊಡಲು ಹಿಂದೆ ತಿರುಗಿದಳು. ಬಂದ ಬೀದಿ ಉದ್ದಕ್ಕೆ ಬಿದ್ದಿತ್ತು. ಅದರಲ್ಲಿ ಒಂದು ಮನೆಯೂ ಅವಳಿಗೆ ನೆನಪಿರಲಿಲ್ಲ. ಒಂದು ಬಾಗಿಲಿನ ಬಣ್ಣವೂ ಇಲ್ಲ. ಗಲಿಬಿಲಿಯಾಯಿತು. ಆಮೇಲೆ, ನಿಧಾನವಾಗಿ, ಇಷ್ಟು ದಿನದ ಗಲಿಬಿಲಿ ಎದೆಯಿಂದ ಇಳಿಯತೊಡಗಿತು.

"ನಾನು ಮನೆ ನೋಡಲಿಲ್ಲ," ಎಂದಳು.

"ಇಷ್ಟು ದೂರ ಬಂದು? ಮತ್ತೇನ್ ನೋಡ್ತಾ ಇದ್ರಿ?"

ಅವಳು ಜಗಲಿಯ ಮೆಟ್ಟಿಲು ಹತ್ತಿ ಅವನ ಎತ್ತರಕ್ಕೆ ಬಂದು ನಿಂತಳು.

"ನಿನ್ನನ್ನ," ಎಂದಳು.