ಪೀಪಿ ಶಾಸಕರು ಮತ್ತು ನಾನು

"ನನ್ನ ಮಾತು ಅರ್ಧಕ್ಕೆ ಕತ್ತರಿಸಿದ್ದು ಯಾರು?"

ವರದಿಗಾರರ ಕೋಣೆಯ ಬಾಗಿಲಲ್ಲಿ ಹೊಸ ಶಾಸಕರು ನಿಂತಿದ್ದರು. ಮುಖ ಕೆಂಪಾಗಿತ್ತು. ಕೈಯಲ್ಲಿ ನಾನು ಟೈಪ್ ಮಾಡಿ ಕಳಿಸಿದ ಹಾಳೆಯಿತ್ತು.

ಸದನದಲ್ಲಿ ಯಾರು ಏನು ಮಾತಾಡಿದರೂ ಒಂದಕ್ಷರ ಬಿಡದೆ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನಮ್ಮ ಕೆಲಸ. ಒಬ್ಬೊಬ್ಬರಿಗೆ ಹತ್ತು ನಿಮಿಷದ ಪಾಳಿ. ಆಮೇಲೆ ಟೈಪ್ ಮಾಡಿ, ಮಾತಾಡಿದವರಿಗೇ ತಿದ್ದಲು ಕಳಿಸುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಹಾಳೆಯ ಬಗ್ಗೆ ಯಾರೂ ಬೆರಳೆತ್ತಿರಲಿಲ್ಲ. ನನಗೂ ಸಿಟ್ಟು ಬಂತು.

"ನಮ್ಮ ಹತ್ರ ಪೆನ್ಸಿಲ್ ಇದೆ ಸರ್, ಕತ್ತರಿ ಇಲ್ಲ. ನೀವು ಮಾತು ನಿಲ್ಲಿಸಿದ್ರಿ, ಅಧ್ಯಕ್ಷರು ಮುಂದಿನವರನ್ನ ಕರೆದ್ರು."

"ನಾನೆಲ್ಲಿ ನಿಲ್ಲಿಸಿದೆ? ನಾಲ್ಕು ಎಣಿಕೆ ಬಿಟ್ಟೆ ಅಷ್ಟೆ."

"ಏನು ಬಿಟ್ರಿ?"

"ನಾಲ್ಕು ಎಣಿಕೆ ಮೇಡಂ. ಭಾರವಾದ ಮಾತು ಹೇಳಿದ್ಮೇಲೆ ಅದು ಕೇಳೋರ ಒಳಗೆ ಇಳಿಯೋಕೆ ಜಾಗ ಬೇಡ್ವಾ? ನುಡಿಸುವಾಗ ನಾವು ಹಾಗೇ ಮಾಡೋದು."

ನನಗೆ ನಗು ತಡೆಯಲಾಗಲಿಲ್ಲ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಹುಬ್ಬು ಗಂಟಿಕ್ಕಿತ್ತು, ತುಟಿಯ ಒಂದು ಕೊನೆ ಮಾತ್ರ ಹೇಳಿದ ಮಾತು ಕೇಳದೆ ಮೇಲಕ್ಕೆ ಹೋಯಿತು. ಆಮೇಲೆ ಅವರೂ ನಕ್ಕುಬಿಟ್ಟರು.

ಅವರು ಇಪ್ಪತ್ತೆರಡು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದವರು. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಗೆದ್ದ ತಂಡದ ಮೆರವಣಿಗೆಯಿರಲಿ, ಮುಂದೆ ಅವರ ಬ್ಯಾಂಡು. ಸದನದಲ್ಲಿ ಹಿಂದಿನಿಂದ ಅವರನ್ನು 'ಪೀಪಿ ಶಾಸಕ' ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಪೀಪಿ ಊದಿದ್ರೆ ಜನ ಹಿಂದೆ ಬರ್ತಾರೆ ಮೇಡಂ, ಇವರು ಊದಿದ್ರೆ ಯಾರು ಬರ್ತಾರೆ?" ಎಂದು ನಗುತ್ತಿದ್ದರು.

ಅವರು ಚುನಾವಣೆಗೆ ನಿಂತದ್ದು ಸೋದರಮಾವನಿಗಾಗಿ. ಮಾವ ಅದೇ ಬ್ಯಾಂಡಿನ ದೊಡ್ಡ ಡ್ರಮ್ಮಿನವರು. ಹೊಟ್ಟೆಯ ಮೇಲೆ ಅಷ್ಟು ದೊಡ್ಡ ಡ್ರಮ್ ಕಟ್ಟಿಕೊಂಡವರಿಗೆ ತಮ್ಮ ಕಾಲೇ ಕಾಣುವುದಿಲ್ಲ. ಒಂದು ಮಧ್ಯಾಹ್ನ ಮೆರವಣಿಗೆಯಲ್ಲಿ ಮಾವ ಡ್ರಮ್ ಸಮೇತ ತೆರೆದ ಚರಂಡಿಗೆ ಬಿದ್ದರು. ಸೊಂಟ ಮುರಿಯಿತು, ಮತ್ತೆ ನಡೆಯಲಿಲ್ಲ. ನಗರದ ಯಾವ ಬೀದಿಯಲ್ಲಿ ಯಾವ ಚರಂಡಿ ಬಾಯಿ ತೆರೆದಿದೆ ಎಂದು ಇಂಜಿನಿಯರುಗಳಿಗೆ ಗೊತ್ತಿರಲಿಲ್ಲ, ಬ್ಯಾಂಡಿನವರಿಗೆ ಗೊತ್ತಿತ್ತು. ಇವರು ಮನೆಮನೆಗೆ ಹೋಗಿ ಅದನ್ನೇ ಹೇಳಿದರು, ಗೆದ್ದರು. ಎಲ್ಲ ಚರಂಡಿಗಳಿಗೂ ಒಂದು ವರ್ಷದೊಳಗೆ ಮುಚ್ಚಳ ಹಾಕಲೇಬೇಕು ಎಂಬ ಮಸೂದೆ ತರುವುದು ಅವರ ಹಟ.

"ಉಸಿರು ತಗೋಬೇಕು ಅನ್ನಿಸಿದಾಗ 'ಮಾನ್ಯ ಅಧ್ಯಕ್ಷರೇ' ಅನ್ನಿ. ಎಲ್ರೂ ಹಾಗೇ ಮಾಡೋದು. ಆಗ ಯಾರೂ ನಿಮ್ಮನ್ನ ಕೂರಿಸಲ್ಲ," ಎಂದು ಹೇಳಿಕೊಟ್ಟೆ. ಯಾವ ಹೊಸಬರು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಆದರೆ ಬೇರೆ ಯಾರಿಗೂ ಹೇಳುವಾಗ ಕೂದಲು ಸರಿಮಾಡಿಕೊಂಡಿರಲಿಲ್ಲ.

ಅಂದಿನಿಂದ ಹಾಳೆ ತಿದ್ದುವ ನೆಪದಲ್ಲಿ ಬರತೊಡಗಿದರು. ಕಾಮಾ ಎಲ್ಲಿರಬೇಕೆಂದು ಕೇಳಲು ಎರಡು ಮಹಡಿ ಹತ್ತಿ ಬರುವ ಶಾಸಕರನ್ನು ನಾನು ನೋಡಿರಲಿಲ್ಲ. ಕೂತಾಗ ಅವರ ಬೆರಳುಗಳು ಮೇಜಿನ ಅಂಚಿನಲ್ಲಿ ಏನನ್ನೋ ನುಡಿಸುತ್ತಲೇ ಇರುತ್ತಿದ್ದವು. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಗಪ್ಪನೆ ನಿಲ್ಲುತ್ತಿದ್ದವು.

"ಯಾಕೆ ನಿಲ್ಲಿಸಿದ್ರಿ?"

"ನೀವು ನೋಡಿದ್ರೆ ತಪ್ಪಾಗುತ್ತೆ."

ಒಂದು ಸಂಜೆ ಕ್ಯಾಂಟೀನಿನಲ್ಲಿ ಚಹಾ ಆರುತ್ತಿರುವಾಗ ಅವರು ನೇರವಾಗಿ ಕೇಳಿದರು. "ನನಗೆ ನಲವತ್ತೆರಡು. ಇನ್ನು ಸುತ್ತಿಬಳಸಿ ಹೇಳೋ ವಯಸ್ಸಲ್ಲ. ನನ್ನ ಮದುವೆ ಆಗ್ತೀರಾ?"

ಎದೆ ಹೌದು ಎಂದಿತು. ಬಾಯಿ ಬೇರೆಯದನ್ನೇ ಹೇಳಿತು. "ನಾಳೆ ನಿಮ್ಮ ಮಾತು ಚೆನ್ನಾಗಿ ಬಂದ್ರೆ ನಾನೇ ತಿದ್ದಿದೆ ಅಂತಾರೆ. ವಿರೋಧಿಗಳ ಮಾತು ಕೆಟ್ರೆ ನಾನೇ ಕೆಡಿಸಿದೆ ಅಂತಾರೆ. ವರದಿಗಾರರ ಮೇಜಿನಲ್ಲಿ ಕೂತೋರು ಯಾರ ಕಡೆಯವರೂ ಅಲ್ಲ. ನನ್ನ ಹತ್ರ ಇರೋ ಮಾನ ಅದೊಂದೇ."

ಅವರು ವಾದ ಮಾಡಲಿಲ್ಲ. "ನಿಮ್ಮ ಆ ಮಾನ ಕಂಡೇ ನಾನು ಮೆಚ್ಚಿದ್ದು. ಅದನ್ನ ಬಿಡಿ ಅಂತ ನಾನು ಹೇಗೆ ಹೇಳ್ಲಿ?" ಎಂದು ಎದ್ದು ಹೋದರು. ಮತ್ತೆ ಕಾಮಾ ಕೇಳಲು ಬರಲಿಲ್ಲ.

ಹದಿನೈದು ದಿನ ಕಳೆಯಿತು. ನನ್ನ ಊಟ ಕಡಿಮೆಯಾಯಿತು, ಸಿಡುಕು ಹೆಚ್ಚಾಯಿತು. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಎಲ್ಲರ ಮಾತೂ ಬರೀತೀಯ. ನಿನ್ನದೊಂದು ಮಾತು ಹೇಳೋಕೆ ನಿನಗೆ ಬಾಯಿಲ್ವೇನೇ?"

ಮಸೂದೆ ಮತಕ್ಕೆ ಬರುವ ದಿನ ಬೆಳಿಗ್ಗೆ ನಮ್ಮ ಮುಖ್ಯಸ್ಥರ ಮುಂದೆ ನಿಂತೆ. "ಸರ್, ಇವತ್ತು ಅವರು ಮಾತಾಡುವಾಗ ನನ್ನ ಪಾಳಿ ಬೇರೆಯವರಿಗೆ ಕೊಡಿ. ಇವತ್ತೊಂದೇ ಅಲ್ಲ, ಇನ್ಮೇಲೆ ಯಾವತ್ತೂ."

ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು. "ಡಾಕ್ಟರು ತಮ್ಮ ಮನೆಯವರಿಗೆ ಆಪರೇಷನ್ ಮಾಡಲ್ಲ. ಹಾಗಂತ ಡಾಕ್ಟರ್ ಕೆಲಸ ಬಿಡ್ತಾರಾ? ಇಷ್ಟಕ್ಕೆ ಹದಿನೈದು ದಿನ ಕೋಣೆಯೋರ ಮೇಲೆಲ್ಲ ರೇಗಾಡಿದ್ಯಲ್ಲಮ್ಮ! ಹೋಗು."

ನಾನು ಗ್ಯಾಲರಿಗೆ ಹೋಗಿ ಜನರ ನಡುವೆ ಕೂತೆ. ಕೆಳಗೆ ಅವರು ಎದ್ದು ನಿಂತು ಮೊದಲು ವರದಿಗಾರರ ಮೇಜು ನೋಡಿದರು. ನನ್ನ ಜಾಗದಲ್ಲಿ ಬೇರೆಯವರು. ಧ್ವನಿ ಸಣ್ಣಗಾಯಿತು. ಎರಡು ವಾಕ್ಯ ತಡವರಿಸಿದರು, ಯಾರೋ ಕಿಸಕ್ಕನೆ ನಕ್ಕರು. ಆಗ ಅವರು ತಲೆಯೆತ್ತಿದರು. ನಾನು ಅವರ ಕಣ್ಣಿಗೆ ಬಿದ್ದೆ.

ಆಮೇಲಿನ ಮಾತೇ ಬೇರೆ. ಮಾವನ ಬಗ್ಗೆ ಹೇಳಿದರು. ಬೀದಿಬೀದಿಯ ಚರಂಡಿಗಳನ್ನು ಚೀಟಿ ನೋಡದೆ ಒಂದೊಂದಾಗಿ ಹೇಳಿದರು, ನಕ್ಕವರ ಕ್ಷೇತ್ರದವನ್ನೂ ಸೇರಿಸಿ. ಹತ್ತೊಂಬತ್ತು ವರ್ಷ ನಾನು ಮಾತು ಬರೆದಿದ್ದೆನೇ ಹೊರತು ಕೇಳಿರಲಿಲ್ಲ. ಬರೆಯುವ ಕೈಗೆ ಕೇಳಲು ಪುರಸೊತ್ತು ಎಲ್ಲಿ? ಅವತ್ತು ಕೇಳಿದೆ. ನನ್ನನ್ನು ಬಯಸಿದ ಮನುಷ್ಯ ಇಂಥವನು ಎಂದು ನನಗೆ ಹೆಮ್ಮೆಯಾಯಿತು.

ಮತಕ್ಕೆ ಹಾಕಿದರು. ಪರವಾಗಿ ಅರವತ್ತೊಂದು, ವಿರೋಧವಾಗಿ ಐವತ್ತೆಂಟು.

ಚಪ್ಪಾಳೆಯ ಸದ್ದು ಕೇಳಿಸಿತು. ಇಡೀ ಗ್ಯಾಲರಿಯಲ್ಲಿ ಒಬ್ಬರೇ ತಟ್ಟುತ್ತಿದ್ದರು. ಕೈ ಉರಿದಾಗಲೇ ಗೊತ್ತಾಯಿತು, ಅದು ನಾನು.

ಮಾರ್ಷಲ್ ಓಡಿ ಬಂದ. "ಮೇಡಂ, ನೀವಾ! ಇಲ್ಲಿ ಚಪ್ಪಾಳೆ ತಟ್ಟಬಾರದು ಅಂತ ನಿಮಗೂ ನಾನು ಹೇಳ್ಬೇಕಾ? ಏಳಿ, ಹೊರಗೆ ನಡೀರಿ."

ಸದನ ಪೂರ್ತಿ ಮೇಲೆ ನೋಡುತ್ತಿತ್ತು. ಅಧ್ಯಕ್ಷರು ಕೇಳಿದರು, "ಯಾರಮ್ಮ ಅದು?"

ನಾನು ಎದ್ದು ನಿಂತೆ.

"ಕ್ಷಮಿಸಿ, ಮಾನ್ಯ ಅಧ್ಯಕ್ಷರೇ. ಈಗ ಗೆದ್ದೋರು ನಮ್ಮ ಮನೆಯವರು."

ಕೆಳಗೆ ಅವರು ಕೂರಲು ಹೋದವರು ಅರ್ಧಕ್ಕೇ ನಿಂತರು. ಕಿವಿಯ ತುದಿಯವರೆಗೆ ಕೆಂಪಾದರು. ನಗು ಮೊದಲು ಎದುರು ಸಾಲಿನಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಅಧ್ಯಕ್ಷರು ಬಾಯಿಗೆ ಕರವಸ್ತ್ರ ಹಿಡಿದರು.

"ಯಾರ ಮನೆಯವರಾದ್ರೂ ನಿಯಮ ನಿಯಮಾನೇ ಮೇಡಂ," ಎಂದ ಮಾರ್ಷಲ್. ಅವನ ಮುಖದಲ್ಲೂ ನಗುವಿತ್ತು.

"ಸರಿ, ನಡೀರಿ," ಎಂದೆ. ಅಷ್ಟು ಜನ ನೋಡುತ್ತಿರುವಾಗ ತಲೆಯೆತ್ತಿಕೊಂಡು ಅವನ ಹಿಂದೆ ಹೊರಗೆ ನಡೆದೆ.