ಗೋದಾಮಿನ ಫೋನು

1988ರ ಜುಲೈ 11, ಸೋಮವಾರ. ಬೆಳಿಗ್ಗೆ ಹತ್ತಕ್ಕೆ ಎಣ್ಣೆ ಗಿರಣಿ ಮಾಲೀಕ ಜಯದೇವಪ್ಪ ಅಜ್ಜಂಪುರ ಠಾಣೆಗೆ ದೂರು ತಂದರು. ಅವರ ಕಚೇರಿಯ ಹೊಸ ಡಿಜಿಟಲ್ ಟೆಲಿಫೋನ್ ಪೆಟ್ಟಿಗೆಯಿಂದ, ಕರೆಗಳನ್ನೆಲ್ಲ ತಾನಾಗಿಯೇ ಜೋಡಿಸುವ ಮುಖ್ಯ ಸರ್ಕ್ಯೂಟ್ ಕಾರ್ಡು ಕಳುವಾಗಿತ್ತು. ವ್ಯಾಪಾರ ಬೆಳೆದ ಹಾಗೆಲ್ಲ ಕಾರ್ಡು ಸೇರಿಸಿ ಫೋನು ಹೆಚ್ಚಿಸಿಕೊಳ್ಳಬಹುದೆಂದು ಅವರು ಆ ದುಃಖದಲ್ಲೂ ಹೆಮ್ಮೆಯಿಂದ ವಿವರಿಸಿದರು. ಠಾಣೆಯಲ್ಲಿದ್ದದ್ದು ಒಂದೇ ಫೋನು, ಅದೂ ಮಳೆ ಬಂದರೆ ಮುನಿಸಿಕೊಳ್ಳುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಈರಭದ್ರಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಕೆಂಚಪ್ಪನೊಂದಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ. ಬೆಳಿಗ್ಗೆ ಕಚೇರಿ ತೆರೆಯುವವರು ಆಪರೇಟರ್ ಮೀನಾಕ್ಷಮ್ಮ. ಮೊದಲು ಪ್ರತಿ ಕರೆಯನ್ನೂ ಅವರೇ ಹಳೆಯ ಬೋರ್ಡಿನಲ್ಲಿ ಕೈಯಿಂದ ಜೋಡಿಸುತ್ತಿದ್ದರು. ಹೊಸ ಪೆಟ್ಟಿಗೆ ಬಂದ ಮೇಲೆ ಎಲ್ಲರೂ ನೇರವಾಗಿ ನಂಬರ್ ಒತ್ತುತ್ತಿದ್ದರು, ಇವರು ಮೂಲೆಯಲ್ಲಿ ಕೂತು ಲಕೋಟೆ ಅಂಟಿಸುತ್ತಿದ್ದರು. ಪೆಟ್ಟಿಗೆ ನಿಂತದ್ದರಿಂದ ಇವತ್ತು ಮತ್ತೆ ಹಳೆಯ ಬೋರ್ಡಿಗೆ ಬಂದಿದ್ದರು.

“ಇನ್ಯಾರು ಸಾರ್? ಇವಳದೇ ಕೆಲಸ,” ಎಂದರು ಜಯದೇವಪ್ಪ. ಸಂಜೆಯೊಳಗೆ ಕಾರ್ಡು ಸಿಗದಿದ್ದರೆ ಕೆಲಸದಿಂದ ತೆಗೆಯುವುದಾಗಿ ಆಕೆಯ ಎದುರೇ ಹೇಳಿದರು. ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಆ ಸಂಬಳದಲ್ಲೇ ಓದಿಸುತ್ತಿದ್ದ ಹೆಂಗಸು. ತಾನು ಮುಟ್ಟಿಲ್ಲ ಎಂದಷ್ಟೇ ಹೇಳಿ ಮುಂದಿನ ಕರೆ ಜೋಡಿಸಿದರು.

ಈರಭದ್ರಪ್ಪ ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಮಧ್ಯಾಹ್ನದವರೆಗೆ ಕರೆಗಳನ್ನು ಕೇಳಿಸಿಕೊಂಡರು. ಪ್ರತಿಯೊಬ್ಬರೂ ಗೊಣಗಿ, ಹೊಸ ಪೆಟ್ಟಿಗೆ ಯಾವಾಗ ಸರಿಹೋಗುತ್ತದೆ ಎಂದು ಕೇಳುತ್ತಿದ್ದರು. ಕೇಳದವನು ರೈಲು ಹಳಿ ಪಕ್ಕದ ಗೋದಾಮು ಕಾಯುವ ಹೊನ್ನಯ್ಯ ಒಬ್ಬನೇ. ಅವನೋ ಮತ್ತೆ ಮತ್ತೆ ಫೋನು ಮಾಡಿದ. ಚೀಲಕ್ಕೆ ಇಲಿ ಬಾಯಿ ಹಾಕಿದ್ದು, ಮಂಡಿ ನೋವು, ರೊಟ್ಟಿ ಸೀದದ್ದು ಬಿಟ್ಟರೆ ಕೆಲಸದ ಮಾತು ಒಂದೂ ಇರಲಿಲ್ಲ. ಸೋಮವಾರದ ಬಟವಾಡೆಗೆ, ಮೀನಾಕ್ಷಮ್ಮ ಬಾಗಿಲು ತೆರೆದಿಟ್ಟು ನೀರು ತರಲು ಹೋದ ಹೊತ್ತಿಗೇ, ಉಳಿದವರೆಲ್ಲರಿಗಿಂತ ಮೊದಲು ಕಚೇರಿಗೆ ಬಂದು ಹೋಗುವವನೂ ಅವನೇ ಎಂದು ವಿಚಾರಿಸಿದಾಗ ಗೊತ್ತಾಯಿತು.

ಮೂರು ಗಂಟೆಗೆ ಗೋದಾಮಿಗೆ ಹೋದರು.

“ಕಾರ್ಡು ಎಲ್ಲಿ?”

ಹೊನ್ನಯ್ಯ ಕುಕ್ಕರಿಸಿ ಮೂಟೆಯ ಬಾಯಿ ಕಟ್ಟತೊಡಗಿದ.

“ಸಂಜೆಗೆ ಮೀನಾಕ್ಷಮ್ಮನ ಕೆಲಸ ಹೋಗುತ್ತೆ.”

ಅವನ ಮುಖ ಕಪ್ಪಿಟ್ಟಿತು. “ಆಯಮ್ಮಂದು ಏನೂ ತಪ್ಪಿಲ್ಲ ಸ್ವಾಮಿ,” ಎಂದು ಮೂಟೆಗಳ ಸಂದಿಯಿಂದ ಒಗೆದ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಕಾರ್ಡನ್ನು ತೆಗೆದುಕೊಟ್ಟ.

“ಯಾಕೆ ತಗೊಂಡೆ?”

“ಮೊದ್ಲು ಫೋನ್ ಎತ್ತಿದ್ರೆ ಆಯಮ್ಮ ಇರ್ತಿತ್ತು. ಉಂಡ್ಯಾ ಅಣ್ಣ ಅಂತ ಕೇಳೋದು. ಈಗ ಎತ್ತಿದ್ರೆ ಬರೀ ಗುಂಯ್ ಅಂತದೆ. ಲೋಡ್ ಎಷ್ಟು ಅಂತ ಕೇಳ್ತಾರೆ, ಇಟ್ಬಿಡ್ತಾರೆ. ಇಲ್ಲಿ ಬೇರೆ ಯಾರೂ ಬರಾಕಿಲ್ಲ ಸ್ವಾಮಿ.”

ಈರಭದ್ರಪ್ಪನವರಿಗೆ ಸಂಕಟವಾಯಿತು. ಆದರೂ ಪಂಚರ ಸಮಕ್ಷಮ ಕಾರ್ಡನ್ನು ಜಪ್ತಿ ಮಾಡಿ ಅವನನ್ನು ದಸ್ತಗಿರಿ ಮಾಡಿದರು. ಜಯದೇವಪ್ಪ ಮೀನಾಕ್ಷಮ್ಮನನ್ನು ಕೆಲಸದಲ್ಲಿ ಉಳಿಸಿಕೊಂಡರು, ಆಡಿದ ಮಾತಿಗೆ ತಪ್ಪಾಯಿತು ಅನ್ನಲಿಲ್ಲ.

ಠಾಣೆಯಲ್ಲಿ ಕೆಂಚಪ್ಪ, ದಸ್ತಗಿರಿಯಾದದ್ದನ್ನು ನಿಮ್ಮವರಲ್ಲಿ ಯಾರಿಗೆ ತಿಳಿಸಬೇಕು ಎಂದು ಕೇಳಿದ. ಹೊನ್ನಯ್ಯ ಬಹಳ ಹೊತ್ತು ಯೋಚಿಸಿದ.

“ಜಯದೇವಪ್ಪನೋರಿಗೆ ತಿಳಿಸ್ಬಿಡಿ,” ಎಂದ.

ಕೆಂಚಪ್ಪ ಸಾಹೇಬರ ಮುಖ ನೋಡಿದ. ಅವರು ಬರೆದುಕೋ ಎಂದು ತಲೆಯಾಡಿಸಿದರು. ಅವನು ಫಿರ್ಯಾದುದಾರರ ಹೆಸರನ್ನೇ ಬರೆದುಕೊಂಡ.